ನಮ್ಮ ಮನೆಯ ಸುದ್ದಿಯಲ್ಲಿ ಓದಿನ ಸುದ್ದಿ ಎಲ್ಲಿ?

ನಮ್ಮ ದಾದಿಗೆ ಓದಲು ಬರುವುದಿಲ್ಲ. ಆದರೆ ನಮ್ಮ ವಂಶದಲ್ಲಿ ಯಾರು ಯಾವ ಊರಿನಲ್ಲಿದ್ದಾರೆ, ಯಾರ ಮನೆಯಲ್ಲಿ ಎಷ್ಟು ಮಕ್ಕಳು, ಯಾವ ಸೊಸೆ ಯಾವ ಊರಿನವಳು ಎಂಬುದೆಲ್ಲ ಅವರಿಗೆ ಬಾಯಿಪಾಠ. ಕಳೆದ ಬಕ್ರೀದ್ ದಿನ ಅವರು ನನ್ನನ್ನು ಕರೆದು, "ಫೋನಿನ್ಯಾಗ ಬರೋ ಸುದ್ದಿ ಎಲ್ಲಾ ಎಲ್ಲಿ ಹೋಗ್ತಾವ ಗೊತ್ತಾಗೂದಿಲ್ಲ. ನೀ ಒಂದು ಪುಸ್ತಕದಾಗ ಬರಿ. ಮುಂದಿನ ಬಕ್ರೀದಿಗೆ ಓದಿ ಹೇಳು" ಅಂದರು. ನಾನು ಒಂದು ನೋಟ್‌ಬುಕ್ ತೆಗೆದುಕೊಂಡು ವರ್ಷವಿಡೀ ಬರೆದೆ. ಆ ನೋಟ್‌ಬುಕ್ ನನಗೆ ಕಲಿಸಿದ್ದನ್ನು ನಿಮ್ಮ ಮುಂದೆ ಇಡಬೇಕು ಎನ್ನಿಸಿ ಈ ಲೇಖನ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆತನದ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮುತ್ತಜ್ಜನಿಗೆ ಐದು ಜನ ಮಕ್ಕಳು. ಒಬ್ಬರು ಸಾಲೋಟಗಿಯಲ್ಲಿ ಹೊಲ ಮಾಡಿಕೊಂಡು ಉಳಿದರು. ಅವರೇ ನಮ್ಮ ದಾದಾ. ಇಬ್ಬರು ಸೋಲಾಪುರದ ಹತ್ತಿಗಿರಣಿಗೆ ಕೂಲಿಗೆ ಹೋದರು. 1877ರಲ್ಲಿ ಶುರುವಾಗಿದ್ದ ಆ ಹಳೆಯ ಗಿರಣಿ 1963ರಲ್ಲಿ ಮುಚ್ಚಿದಾಗ ಒಬ್ಬರು ಅಲ್ಲೇ ಚಾದರ ನೇಯುವ ಮಗ್ಗಕ್ಕೆ ಸೇರಿದರು, ಇನ್ನೊಬ್ಬರು ಪುಣೆಗೆ ಹೋದರು. ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರನ್ನು ಭೀಮಾ ನದಿಯ ಆಚೆ ಅಫಜಲಪುರದ ಕಡೆಗೆ ಕೊಟ್ಟರು, ಇನ್ನೊಬ್ಬರನ್ನು ಸಿಂದಗಿಗೆ. ಈಗ ಅವರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರು, ಗೋವಾದ ವಾಸ್ಕೊ ಮತ್ತು ಸೌದಿಯ ದಮ್ಮಾಮ್‌ವರೆಗೆ ಹರಡಿದ್ದಾರೆ.

ಈ ಊರುಗಳು ನಕ್ಷೆಯಲ್ಲಿ ಬಹಳ ದೂರವೇನಲ್ಲ. ಆದರೆ ನಮ್ಮ ಹಿರಿಯರ ಕಾಲದಲ್ಲಿ ಇಂಡಿ ಮುಂಬೈ ಪ್ರಾಂತ್ಯದಲ್ಲಿತ್ತು, ನದಿಯ ಆಚೆಯ ಅಫಜಲಪುರ ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಇವೆರಡೂ ಮೈಸೂರು ರಾಜ್ಯದಲ್ಲಿ ಒಂದಾದವು. ಸೋಲಾಪುರ ಮುಂಬೈ ರಾಜ್ಯದಲ್ಲೇ ಉಳಿದು 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಇದರ ಪರಿಣಾಮ ನಮ್ಮ ಮನೆಯಲ್ಲಿ ಇವತ್ತಿಗೂ ಇದೆ. ಸಾಲೋಟಗಿಯವರು ಕನ್ನಡ ಓದುತ್ತೇವೆ, ಸೋಲಾಪುರದವರು ಮರಾಠಿ, ಅಫಜಲಪುರದ ಹಿರಿಯರು ಉರ್ದು. ಮಾತನಾಡುವಾಗ ಎಲ್ಲರದೂ ಒಂದೇ ದಖನಿ, ಬರೆಯಲು ಕುಳಿತರೆ ಒಬ್ಬರ ಅಕ್ಷರ ಇನ್ನೊಬ್ಬರಿಗೆ ಬರುವುದಿಲ್ಲ. ಅದಕ್ಕೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬರಹಕ್ಕಿಂತ ಧ್ವನಿಯೇ ಹೆಚ್ಚು. 61 ಜನ ಇರುವ ಆ ಗುಂಪಿನಲ್ಲಿ ಎಷ್ಟೋ ಸಲ ದಮ್ಮಾಮ್‌ನ ಚಾಚಾನ ಈದ್ ಮುಬಾರಕ್ ನಮಗಿಂತ ಒಂದು ದಿನ ಮೊದಲೇ ಬರುತ್ತದೆ. ಆಗ ದಾದಿ, "ಅವನಿಗೆ ಅವಸರ" ಎಂದು ನಗುತ್ತಾರೆ.

ಸರಿ, ವರ್ಷದ ಸುದ್ದಿ ಏನು? ನೋಟ್‌ಬುಕ್ಕಿನ ಪ್ರಕಾರ ನಾಲ್ಕು ಮದುವೆ, ಐದು ಹೆರಿಗೆ, ಎರಡು ಸಾವು. ಪುಣೆಯವರು ಸ್ಲ್ಯಾಬ್ ಹಾಕಿಸಿದರು. ಬೆಂಗಳೂರಿನವರು ಉಮ್ರಾಕ್ಕೆ ಹೋಗಿ ಬಂದರು. ಸಿಂದಗಿಯವರು ಟ್ರ್ಯಾಕ್ಟರ್ ಕೊಂಡರು. ನಮ್ಮ ಹೊಲದ ಬೋರ್ ಬತ್ತಿತು, ನಿಂಬೆ ಗಿಡಗಳಿಗೆ ಟ್ಯಾಂಕರ್ ನೀರು ಹಾಕಿದೆವು. ವಾಸ್ಕೊದಲ್ಲಿ ಗೌಂಡಿ ಕೆಲಸ ಮಾಡುವ ಮಾಮಾ ಬಿದ್ದು ಕೈ ಮುರಿದುಕೊಂಡರು, ಗುಂಪಿನವರೆಲ್ಲ ಸೇರಿ ಹಣ ಕಳಿಸಿದರು. ಇದನ್ನೆಲ್ಲ ಬರೆಯುವಾಗ ನನಗೆ ಹೆಮ್ಮೆಯೇ ಆಗಿತ್ತು. ಇಷ್ಟು ದೂರ ಇದ್ದರೂ ಕೈ ಮುರಿದ ಸಂಜೆಯೇ ಸುದ್ದಿ ಗೊತ್ತಾಗಿ, ಎರಡು ದಿನದಲ್ಲಿ ಹಣ ಹೋಯಿತು. ಸಂಬಂಧ ಉಳಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಸಿಲಾ ರಹ್ಮಿ ಎನ್ನುತ್ತಾರೆ. ಅದು ನಮ್ಮ ಮನೆಯಲ್ಲಿ ಜೀವಂತ ಇದೆ ಎಂದುಕೊಂಡೆ.

ಓದಿನ ಸುದ್ದಿ ಎಷ್ಟು ಎಂದು ಎಣಿಸಿದಾಗ ಸಿಕ್ಕಿದ್ದು ಎರಡೇ. ಒಂದು, ಬೆಂಗಳೂರಿನ ಅಣ್ಣನಿಗೆ ಪಿಯುಸಿಯಲ್ಲಿ ಶೇಕಡಾ 91 ಬಂದದ್ದು. ಎರಡು, ಪುಣೆಯ ತಂಗಿಗೆ ಶಾಲೆಯಲ್ಲಿ ಬಹುಮಾನ ಬಂದದ್ದು. ಉಳಿದ ಮಕ್ಕಳೆಲ್ಲ ಏನು ಮಾಡುತ್ತಿದ್ದಾರೆ? ನನಗೆ ಗೊತ್ತಿರಲಿಲ್ಲ. ಅದಕ್ಕೆ ಒಂದೊಂದೇ ಮನೆಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: "ನಿಮ್ಮ ಮನೆಯಾಗ ಯಾರ‍್ಯಾರು ಯಾವ ಕ್ಲಾಸ್?"

14ರಿಂದ 20 ವರ್ಷದೊಳಗಿನವರು ನಮ್ಮಲ್ಲಿ ಒಟ್ಟು 17 ಜನ. ಅವರಲ್ಲಿ ಮೂವರು ಈ ಒಂದೇ ವರ್ಷದಲ್ಲಿ ಓದು ಬಿಟ್ಟಿದ್ದರು. ಬೋರ್ ಬತ್ತಿದ ಸುದ್ದಿ ದಮ್ಮಾಮ್‌ಗೆ ಗೊತ್ತಿತ್ತು. ಈ ಮೂವರ ಸುದ್ದಿ ಸಾಲೋಟಗಿಗೂ ಗೊತ್ತಿರಲಿಲ್ಲ.

ಮೊದಲನೆಯವನು ಅಫಜಲಪುರ ಕಡೆಯ ಹುಡುಗ. ಒಂಬತ್ತನೇ ತರಗತಿಗೆ ಬಿಟ್ಟು ಕಲಬುರಗಿಯಲ್ಲಿ ಗ್ಯಾರೇಜಿಗೆ ಸೇರಿದ್ದಾನೆ. ಎರಡನೆಯವನು ವಾಸ್ಕೊದ ಮಾಮಾನ ಮಗ. ಅವನು ವಿಜಯಪುರದಲ್ಲಿ ಹಾಸ್ಟೆಲಿನಲ್ಲಿದ್ದು ಓದಿ, ಪಿಯುಸಿಯಲ್ಲಿ ಒಂದೇ ವಿಷಯದಲ್ಲಿ ನಪಾಸಾಗಿ, ತಂದೆಯ ಕೈ ಮುರಿದ ಮೇಲೆ ಅದೇ ಕೆಲಸಕ್ಕೆ ಹೋಗಿದ್ದಾನೆ. 2024ರಿಂದ ನಮ್ಮ ರಾಜ್ಯದಲ್ಲಿ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಾರೆ, ಆ ಒಂದು ವಿಷಯವನ್ನು ಅದೇ ವರ್ಷ ಮತ್ತೆ ಬರೆಯಬಹುದಿತ್ತು ಎಂಬುದು ಅವನಿಗೆ ಯಾರೂ ಹೇಳಿರಲಿಲ್ಲ. ನಾವು ಅವನ ಅಪ್ಪನ ಆಸ್ಪತ್ರೆಗೆ ಹಣ ಕಳಿಸಿದೆವು, ಅವನ ಓದಿನ ಬಗ್ಗೆ ಕೇಳಲಿಲ್ಲ.

ಮೂರನೆಯವಳು ಸೋಲಾಪುರದ ನನ್ನ ಚಿಕ್ಕಪ್ಪನ ಮಗಳು, ನನ್ನದೇ ವಯಸ್ಸು. ಅವಳ ಒಪ್ಪಿಗೆ ಕೇಳಿ, ಹೆಸರು ಬಿಟ್ಟು ಬರೆಯುತ್ತಿದ್ದೇನೆ. ಹತ್ತನೇ ತರಗತಿಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವಳು. ಹನ್ನೊಂದನೇ ತರಗತಿಯ ಶುಲ್ಕ, ಪುಸ್ತಕ, ಬಸ್ ಎಲ್ಲ ಸೇರಿ ಒಂಬತ್ತು ಸಾವಿರ ರೂಪಾಯಿ ಬೇಕಿತ್ತು. ಅದೇ ತಿಂಗಳು ಅವಳ ಅಕ್ಕನ ಮದುವೆಗೆ ಮಾಡಿದ ಸಾಲದ ಕಂತು ಶುರುವಾಗಿತ್ತು. ಸೋಲಾಪುರದಲ್ಲಿ ಸಾವಿರಾರು ಹೆಂಗಸರು ಮನೆಯಲ್ಲೇ ಬೀಡಿ ಕಟ್ಟುತ್ತಾರೆ. ಅವಳೂ ಈಗ ಅಮ್ಮನ ಪಕ್ಕ ಕುಳಿತು ಬೀಡಿ ಕಟ್ಟುತ್ತಾಳೆ. ಆ ಮದುವೆಗೆ ನಾವೆಲ್ಲ ಹೋಗಿದ್ದೆವು. ಬಿರಿಯಾನಿ ಚೆನ್ನಾಗಿತ್ತು ಎಂದು ನಾನೇ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಫೋನ್ ಇಡುವಾಗ ಅವಳು, "ಗುಂಪಿನಾಗ ಹಾಕಬ್ಯಾಡ, ಅಪ್ಪಗ ನಾಚಿಕಿ ಆಗತೈತಿ" ಅಂದಳು.

ಗೆಳೆಯರೇ, ತಪ್ಪು ಯಾರದು ಎಂದು ನಾನು ಹುಡುಕುತ್ತಿಲ್ಲ. ಚಿಕ್ಕಪ್ಪ ಕೆಟ್ಟವರಲ್ಲ. ಆದರೆ ನಮ್ಮ ಮನೆಗಳಲ್ಲಿ ಯಾವುದು ಸುದ್ದಿ, ಯಾವುದು ಸುದ್ದಿ ಅಲ್ಲ ಎಂಬ ಲೆಕ್ಕ ತಪ್ಪಿದೆ ಎಂಬುದು ನನ್ನ ಅಭಿಪ್ರಾಯ. ಶೇಕಡಾ 91 ಬಂದರೆ ಸುದ್ದಿ. ನಪಾಸಾದರೆ, ಬಿಟ್ಟರೆ ಮೌನ. ಕಡ್ಡಾಯ ಶಿಕ್ಷಣ ಕಾಯ್ದೆ 6ರಿಂದ 14 ವರ್ಷದವರೆಗೆ ಮಾತ್ರ. ಆ ಮೇಲೆ ಮಗು ಶಾಲೆ ಬಿಟ್ಟರೆ ಕೇಳುವ ಜವಾಬ್ದಾರಿ ಮೊದಲು ಮನೆಯವರದೇ. ಮನೆಯವರೇ ಸುಮ್ಮನಿದ್ದರೆ ಮತ್ತೆ ಯಾರು ಕೇಳಬೇಕು?

ಇಲ್ಲಿ ನಮ್ಮೂರಿನದೇ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಸಾಲೋಟಗಿಯ ಶಾಸನದ ಬಗ್ಗೆ ನೀವು ಇತಿಹಾಸದ ಪಾಠದಲ್ಲಿ ಕೇಳಿರಬಹುದು. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿ ನಾರಾಯಣ ಇಲ್ಲಿ ಒಂದು ವಿದ್ಯಾಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳಿದ್ದವು. ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿ, ಉಪಾಧ್ಯಾಯರಿಗೆ 50 ನಿವರ್ತನ ಬಿಟ್ಟಿದ್ದರು. ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಮಾತು. ಊರಿನಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ನಾಣ್ಯವನ್ನು ಆ ಶಾಲೆಗೆ ಕೊಡಬೇಕೆಂದು ಗೊತ್ತು ಮಾಡಿದ್ದರು. ಅಂದರೆ ಒಂದು ಮನೆಯಲ್ಲಿ ಸಂತೋಷ ಆದಾಗಲೆಲ್ಲ ಅದರ ಒಂದು ಸಣ್ಣ ಪಾಲು ಇನ್ನೊಬ್ಬರ ಮಗನ ಓದಿಗೆ ಹೋಗುತ್ತಿತ್ತು. ಆ ಶಾಲೆ ವೇದ ಓದುವವರಿಗಾಗಿ ಇತ್ತು. ನನ್ನಂಥ ಹುಡುಗಿಗೆ ಅಲ್ಲಿ ಜಾಗ ಇರುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೆ ಆ ಲೆಕ್ಕ ಒಳ್ಳೆಯ ಲೆಕ್ಕ. ಒಳ್ಳೆಯದನ್ನು ನಮ್ಮ ಮನೆಗೆ ತಂದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ನಾನು ಲೆಕ್ಕ ಹಾಕಿ ನೋಡಿದೆ. ನಮ್ಮ ನಾಲ್ಕು ಮದುವೆಗಳಲ್ಲಿ ಒಟ್ಟು ಸುಮಾರು 2,500 ಜನ ಉಂಡಿದ್ದಾರೆ. ಒಬ್ಬರ ಲೆಕ್ಕಕ್ಕೆ ಐದೇ ರೂಪಾಯಿ ತೆಗೆದಿಟ್ಟಿದ್ದರೆ 12,500 ರೂಪಾಯಿ. ನನ್ನ ತಂಗಿಯ ಒಂದು ವರ್ಷದ ಓದು ಅದರಲ್ಲಿ ಮುಗಿದು, ವಾಸ್ಕೊದ ಅಣ್ಣನ ಪರೀಕ್ಷಾ ಶುಲ್ಕಕ್ಕೂ ಉಳಿಯುತ್ತಿತ್ತು.

ಈ ಮಾತನ್ನು ಅಬ್ಬಾನ ಮುಂದೆ ಇಟ್ಟಾಗ ಅವರು ಎರಡು ಆಕ್ಷೇಪ ಹೇಳಿದರು. ಒಂದು, "ಮದುವೆಯಲ್ಲಿ ನಾಲ್ಕು ಜನರಿಗೆ ಊಟ ಹಾಕೂದೂ ಸಂಬಂಧ ಉಳಿಸೂದೇ." ಇದು ನಿಜ. ಊಟ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ, ಅದರ ಪಕ್ಕದಲ್ಲಿ ಐದು ರೂಪಾಯಿ ಇಡಿ ಎನ್ನುತ್ತೇನೆ. ಎರಡು, "ಕೊಡವರು ಸಿಗತಾರ, ತಗೊಳ್ಳವರ ಮಾನ ಏನಾಗಬೇಕು?" ಇದಕ್ಕೆ ನನ್ನ ಬಳಿ ಸುಲಭದ ಉತ್ತರ ಇರಲಿಲ್ಲ. ತಂಗಿ ಹೇಳಿದ್ದೂ ಅದನ್ನೇ. ಬಹಳ ಯೋಚಿಸಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಇಂಥ ಸುದ್ದಿ 61 ಜನರ ಗುಂಪಿಗೆ ಬೇಕಾಗಿಲ್ಲ. ಆದರೆ ಒಬ್ಬರಿಗಾದರೂ ಗೊತ್ತಿರಬೇಕು. ಪ್ರತಿ ಮನೆತನದಲ್ಲಿ ಕೇಳುವವರು ಒಬ್ಬರು ಇರಬೇಕು, ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಾಗಿರಬೇಕು.

ಈ ಬಕ್ರೀದ್ ಸಂಜೆ ನಮ್ಮ ಅಂಗಳದಲ್ಲಿ ಕುಳಿತು ದಾದಿಗೆ ನೋಟ್‌ಬುಕ್ ಓದಿ ಹೇಳಿದೆ. ಸೋಲಾಪುರದ ಪುಟ ಬಂದಾಗ ಮದುವೆ ಸುದ್ದಿ ಓದಿ ಮುಂದಿನ ಪುಟಕ್ಕೆ ಹೋದೆ. ದಾದಿ ತಡೆದರು. "ಸಣ್ಣಾಕಿ ಏನ್ ಓದಾಕತ್ತಾಳ?" ಅಂದರು. ನಾನು ಉತ್ತರ ಕೊಡಲಿಲ್ಲ. ಅವರು ಮತ್ತೆ ಕೇಳಲಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನನ್ನು ಕರೆದು, ತಮ್ಮ ಪಿಂಚಣಿಯಿಂದ ಉಳಿಸಿದ ಎರಡು ಸಾವಿರ ರೂಪಾಯಿ ಕೈಯಲ್ಲಿಟ್ಟು, "ನನ್ನನ್ನ ಸಾಲಿ ಬಿಡಿಸಿದಾಗೂ ಯಾರೂ ಏನೂ ಅನ್ನಲಿಲ್ಲ" ಅಂದರು. ದಾದಿ ಶಾಲೆಗೆ ಹೋಗಿದ್ದರು ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮುಂದೆ ಏನಾಯಿತು ಎಂದರೆ, ಇನ್ನೂ ಪೂರ್ತಿ ಏನೂ ಆಗಿಲ್ಲ. ದಮ್ಮಾಮ್‌ನ ಚಾಚಾ ಐದು ರೂಪಾಯಿಯ ಲೆಕ್ಕಕ್ಕೆ ಒಪ್ಪಿದ್ದಾರೆ. ಪುಣೆಯವರು "ನೋಡೋಣ" ಎಂದಿದ್ದಾರೆ. ಮುಂದಿನ ಮದುವೆ ಸಿಂದಗಿಯಲ್ಲಿದೆ, ಅಲ್ಲಿ ಗೊತ್ತಾಗುತ್ತದೆ. ವಾಸ್ಕೊದ ಅಣ್ಣನಿಗೆ ಪರೀಕ್ಷೆ ಕಟ್ಟುವ ವಿವರ ಕಳಿಸಿದ್ದೇನೆ, ಅವನು "ಆಯ್ತು" ಎಂದಷ್ಟೇ ಹೇಳಿದ್ದಾನೆ. ತಂಗಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಮನೆಯಲ್ಲಿದ್ದೇ ಹನ್ನೆರಡನೇ ತರಗತಿ ಕಟ್ಟಬಹುದು ಎಂದು ತಿಳಿಸಿದೆ. ಬೀಡಿ ಎಲೆ ಕತ್ತರಿಸುತ್ತಲೇ ಅವಳು ಹತ್ತು ಪ್ರಶ್ನೆ ಕೇಳಿದಳು. ಗ್ಯಾರೇಜಿನ ಹುಡುಗ ಮಾತ್ರ ನನ್ನ ಫೋನ್ ಎತ್ತುತ್ತಿಲ್ಲ.

ನಮ್ಮ ಕಾಲೇಜಿನಲ್ಲಿ ಓದುವ ಬಹಳ ಜನರ ಮನೆತನಗಳು ಹೀಗೆಯೇ ಹರಡಿವೆ. ದುಡಿಯಲು ಗೋವಾಕ್ಕೆ, ಪುಣೆಗೆ, ಬೆಂಗಳೂರಿಗೆ ಹೋದವರು ಎಲ್ಲರ ಮನೆಯಲ್ಲೂ ಇದ್ದಾರೆ. ಕಾಲೇಜಿಗೆ ಬಂದ ನಮಗೆ ವಿದ್ಯಾರ್ಥಿವೇತನದ ಅರ್ಜಿ, ಹಾಸ್ಟೆಲ್, ಮರುಪರೀಕ್ಷೆ ಇವೆಲ್ಲದರ ಬಗ್ಗೆ ನಮ್ಮ ಉಪನ್ಯಾಸಕರು ಹೇಳುತ್ತಾರೆ. ಕಾಲೇಜು ತಲುಪದ ನಮ್ಮ ಅಣ್ಣ ತಂಗಿಯರಿಗೆ ಅದನ್ನು ನಾವಲ್ಲದೆ ಬೇರೆ ಯಾರು ಹೇಳಬೇಕು? ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ: ಫಲಿತಾಂಶ ಬಂದ ವಾರ ಒಂದು ತರಗತಿಯನ್ನು ಇದಕ್ಕೇ ಇಡಿ. ಕೇಳಿಸಿಕೊಂಡು ಹೋಗಿ ನಮ್ಮ ನಮ್ಮ ಮನೆತನಕ್ಕೆ ಹೇಳುತ್ತೇವೆ. ಗೆಳೆಯರಲ್ಲಿ ಇನ್ನೊಂದು ವಿನಂತಿ: ಈ ಭಾನುವಾರ ದೂರದ ಒಂದು ಮನೆಗೆ ಫೋನ್ ಮಾಡಿ, ಮಳೆ ಬೆಳೆ ಕೇಳಿದ ಮೇಲೆ ಯಾರು ಯಾವ ಕ್ಲಾಸ್ ಎಂದೂ ಕೇಳಿ.

ನಾನು ಹೊಸ ನೋಟ್‌ಬುಕ್ ಶುರು ಮಾಡಿದ್ದೇನೆ. ಈ ಸಲ ಮೊದಲ ಪುಟದಲ್ಲೇ 17 ಜನರ ಹೆಸರು, ಅವರ ಮುಂದೆ ತರಗತಿ ಬರೆದಿದ್ದೇನೆ. ಮೂರು ಹೆಸರುಗಳ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ.