ಉಡುಗೊರೆಯಾಗಿ ಬರುವ ವಂಶಾವಳಿ

ಅಮೆರಿಕದಲ್ಲಿ ಕ್ರಿಸ್‌ಮಸ್ ಸಮೀಪಿಸಿದೊಡನೆ ವಂಶಮೂಲವನ್ನು ತಿಳಿಸುವ ಡಿಎನ್‌ಎ ಕಿಟ್‌ಗಳು ರಿಯಾಯಿತಿ ಬೆಲೆಗೆ ಬಿಕರಿಯಾಗುತ್ತವೆ. ಕೊಳವೆಯಲ್ಲಿ ಎಂಜಲು ತುಂಬಿ ಅಂಚೆಗೆ ಹಾಕಿದರೆ ಕೆಲವು ವಾರಗಳಲ್ಲಿ ಪೂರ್ವಿಕರ ನಾಡುಗಳು ಶೇಕಡಾ ಲೆಕ್ಕದಲ್ಲಿ ಕೈಸೇರುತ್ತವೆ. ಅಜ್ಜನಿಗೊಂದು, ಅತ್ತಿಗೆಗೊಂದು ಎಂದು ಕೊಂಡುಕೊಡುವವರ ಪ್ರೀತಿಯನ್ನು ಶಂಕಿಸಬೇಕಿಲ್ಲ. ಆದರೂ ಇದು ಶಾಲು, ಪುಸ್ತಕಗಳ ಸಾಲಿಗೆ ಸೇರುವ ಉಡುಗೊರೆಯಲ್ಲ. ಇಲ್ಲಿ ಸ್ವೀಕರಿಸಿದವರೇ ಕೊಡುವವರಾಗುತ್ತಾರೆ. ಅದೂ ತಮ್ಮದನ್ನಷ್ಟೇ ಅಲ್ಲ. ಒಡಹುಟ್ಟಿದವರ ಡಿಎನ್‌ಎಯಲ್ಲಿ ಸುಮಾರು ಅರ್ಧದಷ್ಟು ಸಮಾನ. ಅಣ್ಣ ಒಪ್ಪಿಗೆಯಿತ್ತರೆ ತಂಗಿಯ ಗುಟ್ಟೂ ಅರ್ಧ ಬಯಲಾದಂತೆ.

ತಂದೆಯೆಂದು ನಂಬಿದವರು ಜನ್ಮದಾತರಲ್ಲವೆಂಬ ಸಂಗತಿ ಇಂಥ ಕಿಟ್‌ನಿಂದಲೇ ಹೊರಬಿದ್ದ ಕುಟುಂಬಗಳಿವೆ. ಸತ್ಯವನ್ನರಿಯುವ ಹಕ್ಕು ಮಕ್ಕಳಿಗಿದೆ, ನಿಜ. ಆದರೆ ಅದನ್ನು ಯಾವಾಗ, ಯಾರ ಬಾಯಿಂದ ಕೇಳಬೇಕೆಂಬುದನ್ನು ಹಬ್ಬದ ಉಡುಗೊರೆಯೊಂದು ನಿರ್ಧರಿಸುವುದು ಕ್ರೂರ.

2023ರಲ್ಲಿ ಟ್ವೆಂಟಿತ್ರೀ ಆ್ಯಂಡ್ ಮಿ ಸಂಸ್ಥೆಯ ಸುಮಾರು 69 ಲಕ್ಷ ಗ್ರಾಹಕರ ವಿವರಗಳು ಸೋರಿಹೋದವು. 2025ರ ಮಾರ್ಚಿಯಲ್ಲಿ ಅದು ದಿವಾಳಿ ಅರ್ಜಿ ಸಲ್ಲಿಸಿದಾಗ ಗ್ರಾಹಕರ ವಂಶಮಾಹಿತಿಯೂ ಮಾರಾಟದ ಆಸ್ತಿಗಳಲ್ಲೊಂದಾಯಿತು.

ಇಷ್ಟು ತೆತ್ತು ಪಡೆಯುವುದಾದರೂ ಏನು? ಆ ಶೇಕಡಾ ಅಂಕಿಗಳು ಬಹುಮಟ್ಟಿಗೆ ಇಂದು ಬದುಕಿರುವ ಜನರ ಮಾದರಿಗಳೊಡನೆ ಹೋಲಿಸಿ ಮಾಡಿದ ಅಂದಾಜುಗಳು. ಮಾದರಿಗಳು ಹೆಚ್ಚಿದಂತೆ ಅಂಕಿಗಳೂ ಬದಲಾಗುತ್ತವೆ. ಕಳೆದ ವರ್ಷದ ಇಟಲಿ ಈ ವರ್ಷ ಗ್ರೀಸ್ ಆಗಬಹುದು. ಹೊಸ ಓಲೆಪ್ರತಿ ದೊರೆತರೆ ಪಾಠ ಬದಲಾದೀತೆಂಬುದನ್ನು ಬಲ್ಲ ಗ್ರಂಥಸಂಪಾದಕರು ತಮ್ಮ ಪಾಠವನ್ನು ಅಂತಿಮವೆನ್ನಲು ಅಳುಕುತ್ತಾರೆ. ಅಜ್ಜಿ ಹೇಳಿದ ಊರನ್ನು ಬಣ್ಣದ ನಕ್ಷೆಯೊಂದನ್ನು ನಂಬಿ ತಳ್ಳಿಹಾಕುವವರಲ್ಲಿ ಆ ಅಳುಕು ಕಾಣುವುದಿಲ್ಲ.