ಕೇಬಲ್ಲೋ, ಡಿಶ್ಶೋ, ಆಂಟೆನಾವೋ?

ಪರೀಕ್ಷೆ ಮುಗಿದು ರಜೆ ಶುರುವಾಯಿತೆಂದರೆ ಎಷ್ಟೋ ಮನೆಗಳಲ್ಲಿ ಒಂದೇ ಬೇಡಿಕೆ: ದೊಡ್ಡ ಟಿವಿ ಬೇಕು, ಅದರಲ್ಲಿ ಎಚ್‌ಡಿ ಬರಬೇಕು. ಅಪ್ಪ, ಅಮ್ಮ ಹೇಗೋ ಹಣ ಹೊಂದಿಸಿ ಟಿವಿ ತರುತ್ತಾರೆ. ಗೋಡೆಗೆ ತೂಗುಹಾಕಿ ಹಾಕಿ ನೋಡಿದರೆ ಹಳೆಯ ಟಿವಿಗಿಂತ ಚಿತ್ರ ಇನ್ನೂ ಮಸುಕು! ಮುಖಗಳೆಲ್ಲ ಅಡ್ಡಡ್ಡ ಹಿಗ್ಗಿದಂತೆ ಕಾಣುತ್ತವೆ. ಸಿಟ್ಟೆಲ್ಲ ಅಂಗಡಿಯವರ ಮೇಲೆ ತಿರುಗುತ್ತದೆ.

ಬಹಳ ಸಲ ದೋಷ ಟಿವಿಯದಲ್ಲ. ಎಚ್‌ಡಿ ಎನ್ನುವುದು ಅಂಗಡಿಯಿಂದ ತರುವ ಒಂದು ವಸ್ತುವಲ್ಲ, ಅದೊಂದು ಸರಪಣಿ. ವಾಹಿನಿ ಎಚ್‌ಡಿಯಲ್ಲಿ ಪ್ರಸಾರವಾಗಬೇಕು. ಸೆಟ್ ಟಾಪ್ ಬಾಕ್ಸ್ ಎಚ್‌ಡಿಯದ್ದಾಗಿರಬೇಕು. ಬಾಕ್ಸಿನಿಂದ ಟಿವಿಗೆ ಹೋಗುವ ತಂತಿ ಎಚ್‌ಡಿಎಂಐ ಆಗಿರಬೇಕು. ಕೊನೆಗೆ ಟಿವಿಗೂ ಆ ಯೋಗ್ಯತೆ ಇರಬೇಕು. ಈ ನಾಲ್ಕರಲ್ಲಿ ಒಂದು ಕೊಂಡಿ ಕಳಚಿದರೂ ಕೊಟ್ಟ ಹಣ ದಂಡ. ಕೆಂಪು, ಬಿಳಿ, ಹಳದಿ ಪಿನ್ನುಗಳ ಹಳೆಯ ತಂತಿಯಲ್ಲಿ ಎಚ್‌ಡಿ ಚಿತ್ರ ಹರಿಯುವುದೇ ಇಲ್ಲ. ಎಚ್‌ಡಿಗೆ ತಿಂಗಳು ತಿಂಗಳು ಹಣ ಕಟ್ಟಿಯೂ ಅದೇ ತಂತಿಯಲ್ಲಿ ಟಿವಿ ನೋಡುವ ಮನೆಗಳಿವೆ.

ಐದು ಪಟ್ಟು ಚುಕ್ಕಿಗಳು

ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಒಂದು ಗುಣಾಕಾರ ಮಾಡಿ. ಸಾಮಾನ್ಯ ಪ್ರಸಾರದ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿಗಳು. ಒಟ್ಟು 4,14,720. ಪೂರ್ಣ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080. ಒಟ್ಟು 20,73,600. ಭಾಗಿಸಿ ನೋಡಿದರೆ ಸರಿಯಾಗಿ ಐದು ಪಟ್ಟು. ಐದನೇ ಒಂದು ಪಾಲು ಚುಕ್ಕಿಗಳನ್ನು ದೊಡ್ಡ ಪರದೆಯ ತುಂಬ ಎಳೆದು ಹರಡಿದರೆ ಚಿತ್ರ ಮಸುಕಾಗದೆ ಇನ್ನೇನಾಗುತ್ತದೆ?

ಇಷ್ಟೊಂದು ಚುಕ್ಕಿಗಳನ್ನು ಮನೆಗೆ ತರುವ ದಾರಿಗಳು ಮುಖ್ಯವಾಗಿ ಮೂರು.

ಆಂಟೆನಾ: ಅಲ್ಲಿಯ ಮಾತು ಇಲ್ಲಿಗಲ್ಲ

ಅಮೆರಿಕದಲ್ಲಿರುವ ಚಿಕ್ಕಪ್ಪನೋ ಅತ್ತೆಯೋ ಫೋನಿನಲ್ಲಿ ಹೇಳುವುದುಂಟು: ‘ಒಂದು ಆಂಟೆನಾ ಕೊಂಡರೆ ಸಾಕು, ಎಚ್‌ಡಿ ಪುಕ್ಕಟೆ.’ ಅಲ್ಲಿ ಅದು ನಿಜ. 2009ರ ಜೂನ್‌ನಲ್ಲಿ ಅಲ್ಲಿಯ ದೊಡ್ಡ ಟಿವಿ ಕೇಂದ್ರಗಳೆಲ್ಲ ಹಳೆಯ ಪ್ರಸಾರ ನಿಲ್ಲಿಸಿ ಡಿಜಿಟಲ್‌ಗೆ ಬದಲಾದವು. ನಗರದ ಹತ್ತಿರವಿರುವ ಮನೆಗೆ ಸ್ಥಳೀಯ ಕೇಂದ್ರಗಳ ಎಚ್‌ಡಿ ಚಿತ್ರ ಗಾಳಿಯಲ್ಲೇ ಬರುತ್ತದೆ.

ನಮ್ಮಲ್ಲಿ ಗೋಪುರದಿಂದ ಪ್ರಸಾರ ಮಾಡುತ್ತಿದ್ದುದು ದೂರದರ್ಶನ ಮಾತ್ರ. ಮಾಳಿಗೆಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ, ಅದನ್ನು ತಿರುಗಿಸಲು ಒಬ್ಬರು, ‘ಬಂತು, ಬಂತು’ ಎಂದು ಕೆಳಗಿನಿಂದ ಕೂಗಲು ಇನ್ನೊಬ್ಬರು. ತಂದೆ ತಾಯಂದಿರಿಗೆ ಇದು ಚೆನ್ನಾಗಿ ನೆನಪಿರುತ್ತದೆ. 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿಜಿಟಲ್ ಗೋಪುರ ಪ್ರಸಾರ ಆರಂಭವಾಯಿತು. ಅದು ಮನೆಮನೆಗೆ ಹಬ್ಬಲಿಲ್ಲ. ಹಳೆಯ ಅನಲಾಗ್ ಪ್ರಸಾರ ಕೇಂದ್ರಗಳನ್ನು ಆಯಕಟ್ಟಿನ ಕೆಲವು ಸ್ಥಳಗಳನ್ನು ಬಿಟ್ಟು 2022ರ ಹೊತ್ತಿಗೆ ಮುಚ್ಚಲು ತೀರ್ಮಾನಿಸಲಾಯಿತು. ಆದ್ದರಿಂದ ಎಚ್‌ಡಿ ಆಸೆಗೆ ಮಾಳಿಗೆ ಆಂಟೆನಾ ಕೊಳ್ಳುವುದು ನಮ್ಮಲ್ಲಿ ವ್ಯರ್ಥ ಖರ್ಚು.

ಕೇಬಲ್: ದೊಡ್ಡ ಡಿಶ್, ಉದ್ದನೆಯ ತಂತಿ

ಕೇಬಲ್ ಬೇರೆ, ಉಪಗ್ರಹ ಬೇರೆ ಎಂದು ನಾವು ತಿಳಿದಿದ್ದೇವೆ. ಕೇಬಲ್‌ನವರೂ ವಾಹಿನಿಗಳನ್ನು ಹೆಚ್ಚಾಗಿ ಪಡೆಯುವುದು ಉಪಗ್ರಹದಿಂದಲೇ. ಅವರ ಕೇಂದ್ರದಲ್ಲಿ ದೊಡ್ಡ ದೊಡ್ಡ ಡಿಶ್‌ಗಳಿರುತ್ತವೆ. ಅಲ್ಲಿಂದ ಫೈಬರ್, ಆಮೇಲೆ ತಾಮ್ರದ ತಂತಿ, ಕೊನೆಗೆ ನಿಮ್ಮ ಬಾಕ್ಸ್. ಬೆಂಗಳೂರು, ಮೈಸೂರುಗಳಲ್ಲಿ ಡಿಜಿಟಲ್ ಬಾಕ್ಸ್ ಕಡ್ಡಾಯವಾದದ್ದು 2013ರಲ್ಲಿ; ಸಣ್ಣ ಊರುಗಳಿಗೆ ಅದು ನಂತರದ ಹಂತಗಳಲ್ಲಿ ಬಂತು.

ಕೇಬಲ್‌ನವರ ಡಿಶ್‌ಗಳು ಸಾಮಾನ್ಯವಾಗಿ ಸಿ ಬ್ಯಾಂಡ್ ತರಂಗಗಳನ್ನು ಹಿಡಿಯುತ್ತವೆ. ಇವುಗಳ ಮೇಲೆ ಮಳೆಯ ಪರಿಣಾಮ ಕಡಿಮೆ. ಊರಿನ ಸುದ್ದಿ, ಜಾತ್ರೆ ತೋರಿಸುವ ಸ್ಥಳೀಯ ವಾಹಿನಿಯೂ ಸಿಗುತ್ತದೆ. ಕೆಟ್ಟರೆ ಕರೆದು ಹೇಳಲು ಪರಿಚಯದ ಹುಡುಗನಿರುತ್ತಾನೆ. ತೊಂದರೆ ಇರುವುದು ತಂತಿಯಲ್ಲಿ. ದಾರಿಯಲ್ಲಿ ಎಲ್ಲೋ ರಸ್ತೆ ಅಗೆದರೆ, ಬೀದಿಯ ಆಂಪ್ಲಿಫೈಯರಿಗೆ ಕರೆಂಟು ಹೋದರೆ, ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದೂ ಟಿವಿ ಕಪ್ಪು.

ಡಿಶ್: ಆಕಾಶ ಕಾಣಬೇಕು

ಡಿಶ್ ಕರ್ನಾಟಕಕ್ಕೆ ಹೊಸದೇನಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ದೇಶದ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿವಿ ಬಂತು. ನಮ್ಮ ರಾಯಚೂರು, ಕಲಬುರಗಿ, ವಿಜಯಪುರ ಸೀಮೆಯ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ, ಮೂರು ಮೀಟರ್ ಅಗಲದ ಡಿಶ್‌ಗಳು ಅವು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆಂದೇ ಕಾರ್ಯಕ್ರಮಗಳಿರುತ್ತಿದ್ದವು.

ಇಂದು ಮಾಳಿಗೆಯ ಮೇಲೆ ಕೂರುವ ಚಿಕ್ಕ ಡಿಶ್ ಹಿಡಿಯುವುದು ಕೆಯು ಬ್ಯಾಂಡ್ ತರಂಗಗಳನ್ನು. ಉಪಗ್ರಹ ಇರುವುದು ಭೂಮಧ್ಯರೇಖೆಯ ನೇರಕ್ಕೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಹಾಗಾಗಿ ನಮ್ಮ ಡಿಶ್‌ಗಳು ದಕ್ಷಿಣ, ಪೂರ್ವಗಳ ನಡುವಿನ ದಿಕ್ಕಿಗೆ ಮುಖಮಾಡಿರುತ್ತವೆ. ಆ ದಿಕ್ಕಿನಲ್ಲಿ ತೆಂಗಿನ ಮರವೋ ಎದುರು ಮನೆಯ ಮೂರನೇ ಮಹಡಿಯೋ ಅಡ್ಡ ಬಂದರೆ ಚಿತ್ರ ಬರುವುದಿಲ್ಲ. ಅಳೆಯುವ ಕೋಲಿಗಿಂತ ಮೊದಲು ಕತ್ತೆತ್ತಿ ಆಕಾಶ ನೋಡುವುದು ಒಳ್ಳೆಯದು. ಕೆಯು ಬ್ಯಾಂಡ್ ತರಂಗಗಳನ್ನು ಮಳೆಹನಿಗಳು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಮಲೆನಾಡು, ಕರಾವಳಿಯ ಜಡಿಮಳೆಯಲ್ಲಿ ಚಿತ್ರ ನಿಲ್ಲುವುದು ಇದರಿಂದಲೇ. ಅದು ಬಾಕ್ಸಿನ ತಪ್ಪಲ್ಲ, ಮಳೆ ತಗ್ಗಿದರೆ ತಾನಾಗಿ ಸರಿಹೋಗುತ್ತದೆ. ತಂತಿ ಎಳೆಯದ ಒಂಟಿ ತೋಟದ ಮನೆಗೆ ಮಾತ್ರ ಡಿಶ್ಶಿಗೆ ಸಾಟಿ ಇಲ್ಲ.

ತಿಂಗಳ ಬಾಡಿಗೆಯಿಲ್ಲದ ಡಿಶ್ಶೂ ಒಂದಿದೆ. 2004ರಲ್ಲಿ ದೂರದರ್ಶನ ಆರಂಭಿಸಿದ ಈ ಸೇವೆಗೆ ಈಗ ಡಿಡಿ ಫ್ರೀ ಡಿಶ್ ಎಂದು ಹೆಸರು. ಡಿಶ್, ಬಾಕ್ಸ್‌ಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಅದರಲ್ಲಿ ಬರುವ ವಾಹಿನಿಗಳಲ್ಲಿ ಬಹುಪಾಲು ಸಾಮಾನ್ಯ ಗುಣಮಟ್ಟದವು, ಎಚ್‌ಡಿಯಲ್ಲ. ಆದರೆ ಓದುವ ಮಕ್ಕಳ ಮನೆಗೆ ಬೇಕಾದ್ದು ಅದರಲ್ಲಿದೆ. ಮುಖ್ಯವಾಗಿ ಉನ್ನತ ಶಿಕ್ಷಣಕ್ಕೆಂದು 2017ರಲ್ಲಿ 32 ವಾಹಿನಿಗಳೊಂದಿಗೆ ಆರಂಭವಾದ ಸ್ವಯಂ ಪ್ರಭಾ, ಒಂದರಿಂದ ಹನ್ನೆರಡನೇ ತರಗತಿಯವರೆಗೆ ತರಗತಿಗೊಂದು ವಾಹಿನಿ ಎಂದು 2020ರಲ್ಲಿ ಬಂದ ಪಿಎಂ ಇ-ವಿದ್ಯಾ, ನಮ್ಮ ಚಂದನ, ಎಲ್ಲವೂ ಪುಕ್ಕಟೆ. ಶಾಲೆಗಳು ಮುಚ್ಚಿದ್ದ 2020ರಲ್ಲಿ ಚಂದನದಲ್ಲಿ ಪಾಠ ಕೇಳಿದ ಮಕ್ಕಳು ಎಷ್ಟೋ. ಕಪ್ಪು ಹಲಗೆಯ ಮೇಲಿನ ಲೆಕ್ಕ ಅರ್ಥವಾಗಲು ಐದು ಪಟ್ಟು ಚುಕ್ಕಿ ಬೇಕಿಲ್ಲ.

ಎಷ್ಟು ದೂರ ಕೂರುತ್ತೀರಿ?

ಎಚ್‌ಡಿಗೆ ಹಣ ಕೊಡಬೇಕೋ ಬೇಡವೋ ಎನ್ನುವುದನ್ನು ಅಂಗಡಿಯವರಿಗಿಂತ ಚೆನ್ನಾಗಿ ಹೇಳುವುದು ಒಂದು ಟೇಪು. ಟಿವಿಯ ಅಂಗುಲವನ್ನು ಅರ್ಧ ಮಾಡಿದರೆ ಹೆಚ್ಚುಕಡಿಮೆ ಪರದೆಯ ಎತ್ತರ. ಆ ಎತ್ತರದ ಆರು ಪಟ್ಟು ದೂರದಲ್ಲಿ ಕೂತರೆ 576 ಸಾಲುಗಳ ಸಾಮಾನ್ಯ ಚಿತ್ರದಲ್ಲಿ ಒಂದೊಂದು ಸಾಲನ್ನು ನಮ್ಮ ಕಣ್ಣು ಬಿಡಿಸಿ ನೋಡಲಾರದು. 32 ಅಂಗುಲದ ಟಿವಿಗೆ ಎತ್ತರ 16 ಅಂಗುಲ. ಆರು ಪಟ್ಟು ಎಂದರೆ 96 ಅಂಗುಲ, ಅಂದರೆ ಎಂಟು ಅಡಿ. ಎಂಟು ಅಡಿಗಿಂತ ಹಿಂದೆ ಕೂರುವವರಿಗೆ 32 ಅಂಗುಲದಲ್ಲಿ ಎಚ್‌ಡಿಯ ಲಾಭ ಹೆಚ್ಚು ಕಾಣದು. 43 ಅಂಗುಲಕ್ಕೆ ಈ ದೂರ ಹತ್ತೂವರೆ ಅಡಿ, 55 ಅಂಗುಲಕ್ಕೆ ಸುಮಾರು ಹದಿಮೂರೂವರೆ ಅಡಿ. ನಮ್ಮ ಸಾಮಾನ್ಯ ಹಜಾರದಲ್ಲಿ ಅಷ್ಟು ದೂರ ಹೋಗಲು ಜಾಗವೇ ಇರುವುದಿಲ್ಲ. ಅಲ್ಲಿ ಎಚ್‌ಡಿ ಬೇಕೆನಿಸುವುದು ನ್ಯಾಯವೇ.

ಕೊಳ್ಳುವ ಮುನ್ನ

ಒಂದು ವಾರ ಮನೆಯವರು ನಿಜವಾಗಿ ಏನೇನು ನೋಡುತ್ತಾರೆ ಎಂದು ಮಕ್ಕಳೇ ಒಂದು ಹಾಳೆಯಲ್ಲಿ ಬರೆದಿಡಲಿ. ಬಹುತೇಕ ಮನೆಗಳಲ್ಲಿ ಆ ಪಟ್ಟಿ ಚಿಕ್ಕದಾಗಿಯೇ ಇರುತ್ತದೆ. ಅವುಗಳಲ್ಲಿ ಯಾವುದಕ್ಕೆ ಎಚ್‌ಡಿ ರೂಪವಿದೆ, ಅದಕ್ಕೆ ಬೆಲೆ ಎಷ್ಟು ಎಂದು ಕೇಳಿ. 2019ರಲ್ಲಿ ಜಾರಿಗೆ ಬಂದ ಟ್ರಾಯ್ ನಿಯಮದಂತೆ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನೋಡುಗರದು. ಪ್ರತಿ ವಾಹಿನಿಯ ಬೆಲೆಯೂ ಪ್ರಕಟವಾಗಿರಬೇಕು. ಒಂದೇ ವಾಹಿನಿಯ ಎಚ್‌ಡಿ, ಸಾಮಾನ್ಯ ಎರಡೂ ರೂಪಕ್ಕೆ ಹಣ ಹೋಗುತ್ತಿದೆಯೇ ಎಂದು ಬಿಲ್ಲು ತೆರೆದು ನೋಡಿ. ತಿಂಗಳ ಮೊತ್ತವನ್ನು ಹನ್ನೆರಡರಿಂದ ಗುಣಿಸಿ. ತಿಂಗಳಿಗೆ ಇನ್ನೂರು ಹೆಚ್ಚಾದರೆ ವರ್ಷಕ್ಕೆ 2,400 ರೂಪಾಯಿ. ಪ್ರೌಢಶಾಲೆಯ ಹುಡುಗಿಗೆ ಅಷ್ಟರಲ್ಲಿ ಒಳ್ಳೆಯ ನಿಘಂಟು, ಅಟ್ಲಾಸು ಬಂದು ಇನ್ನೂ ಹಣ ಉಳಿಯುತ್ತದೆ.

ಬೀದಿಯಲ್ಲಿ ಕೇಬಲ್ ಚೆನ್ನಾಗಿದ್ದು, ಮಳೆ ಜೋರಿರುವ ಊರಾದರೆ ಕೇಬಲ್. ತಂತಿ ಬಾರದ ಕಡೆ, ಆಕಾಶ ತೆರೆದಿದ್ದರೆ ಡಿಶ್. ಪಾಠ ಮತ್ತು ಸುದ್ದಿಗೆ ಸಾಕೆನ್ನುವವರಿಗೆ ಫ್ರೀ ಡಿಶ್. ಯಾವುದನ್ನು ಆರಿಸಿದರೂ ಬಾಕ್ಸ್ ಕೂರಿಸಲು ಬಂದವರು ಹೊರಡುವ ಮೊದಲು ಟಿವಿಯ ಹಿಂಬದಿ ಒಮ್ಮೆ ಇಣುಕಿ ನೋಡಿ. ಅಲ್ಲಿ ಮೂರು ಬಣ್ಣದ ಪಿನ್ನು ಕಂಡರೆ ಎಚ್‌ಡಿಎಂಐ ತಂತಿ ಹಾಕಿಸಿಕೊಂಡೇ ಅವರನ್ನು ಕಳಿಸಿ.