ಗಾಡಿ ಕೆಟ್ಟರೆ ರಸ್ತೆ ಮೇಲೆ ಕಲ್ಲಿಡಬೇಡಿ

ನಮ್ಮ ಕಡೆ ದಾರಿಯಲ್ಲಿ ಗಾಡಿ ಕೆಟ್ಟಿತೆಂದರೆ ಎರಡು ಕೆಲಸ ಕೂಡಲೇ ನಡೆಯುತ್ತವೆ. ಒಬ್ಬರು ಬಾನೆಟ್ ಎತ್ತುತ್ತಾರೆ, ಇನ್ನೊಬ್ಬರು ನಾಲ್ಕು ಕಲ್ಲು ತಂದು ಗಾಡಿಯ ಹಿಂದೆ ರಸ್ತೆ ಮೇಲೆ ಇಡುತ್ತಾರೆ. ನನ್ನನ್ನು ಕೇಳಿದರೆ ಎರಡೂ ತಪ್ಪು. ಯಾಕೆ ಅನ್ನೋದಕ್ಕೆ ಉತ್ತರ ನೀವು ಕಲಿಯುವ ವಿಜ್ಞಾನದಲ್ಲೇ ಇದೆ.

ಮೊದಲು ಕಲ್ಲಿನ ಮಾತು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ರಾತ್ರಿಯೂ ಓಡುತ್ತವೆ. ಕಾರ್ತಿಕದಲ್ಲಿ ಗುಡ್ಡಾಪುರದ ದಾನಮ್ಮದೇವಿಗೆ ನಡೆದು ಹೋಗುವವರೂ ರಸ್ತೆಯ ಅಂಚಿನಲ್ಲೇ ಇರುತ್ತಾರೆ. ಇಂಥ ಕತ್ತಲೆಯಲ್ಲಿ ಒಂದು ಟ್ರಾಲಿ ಪಂಕ್ಚರ್ ಆಗಿ ನಿಂತಿದೆ, ಹಿಂದೆ ಕಲ್ಲು ಇಟ್ಟಿದ್ದಾರೆ ಅಂತ ತಿಳಿಯಿರಿ. ಗಂಟೆಗೆ 60 ಕಿ.ಮೀ. ವೇಗದ ಬೈಕ್ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಕಣ್ಣು ಕಂಡು, ಮೆದುಳು ತಿಳಿದು, ಕೈ ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲೇ 25 ಮೀಟರ್ ಮುಗಿಯಿತು. ಒಣ ರಸ್ತೆಯಲ್ಲಿ ನಿಲ್ಲಲು ಮತ್ತೆ 20 ಮೀಟರ್ ಆದರೂ ಬೇಕು. ಒಟ್ಟು 45 ಮೀಟರ್. ನಮ್ಮ ಕಡೆಯ ಕರಿಕಲ್ಲು ಬಿದ್ದ ಬೆಳಕನ್ನು ಬಹುಪಾಲು ಹೀರಿಕೊಳ್ಳುತ್ತದೆ, ಉಳಿದದ್ದನ್ನು ನಾಲ್ಕೂ ದಿಕ್ಕಿಗೆ ಚದುರಿಸುತ್ತದೆ. ಬೈಕಿನ ಮಂದ ಬೆಳಕಿನಲ್ಲಿ ಅದು ಅಷ್ಟು ದೂರದಿಂದ ಹ್ಯಾಂಗ ಕಾಣಬೇಕು? ಇನ್ನೂ ಕೆಟ್ಟದ್ದೆಂದರೆ, ಗಾಡಿ ರಿಪೇರಿಯಾಗಿ ಹೋದ ಮೇಲೂ ಕಲ್ಲು ಅಲ್ಲೇ ಬಿದ್ದಿರುತ್ತದೆ.

ಕೆಂಪು ರಿಫ್ಲೆಕ್ಟರ್ ತ್ರಿಕೋನ ಹಾಗಲ್ಲ. ಬೆಳಕು ಎಲ್ಲಿಂದ ಬಂತೋ ಅತ್ತಲೇ ಅದನ್ನು ತಿರುಗಿಸಿ ಕಳಿಸುತ್ತದೆ. ನಿಮ್ಮ ಸೈಕಲ್ಲಿನ ರಿಫ್ಲೆಕ್ಟರ್‌ನಲ್ಲಿ ಒಂದಕ್ಕೊಂದು ಲಂಬವಾದ ಮೂರು ಮುಖಗಳ ಪುಟ್ಟ ಪುಟ್ಟ ಮೂಲೆಗಳಿವೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಇಟ್ಟುಬಂದ ಲೇಸರ್ ಪ್ರತಿಫಲಕದಲ್ಲಿರುವುದೂ ಇದೇ ತತ್ವ. ಚಂದ್ರನ ಮೇಲೆ ಇರುವುದು ನಮ್ಮ ಟ್ರಾಲಿಯ ಹಿಂದೆ ಇರಬಾರದೇನು?

ಇನ್ನು ಬಾನೆಟ್. ಎಂಜಿನ್ ಕಾದು ಹೊಗೆಯಾಡಿದಾಗ ರೇಡಿಯೇಟರ್ ಮುಚ್ಚಳ ತಿರುವುವುದು ಎಂದರೆ ಸೀಟಿ ಹೊಡೆಯುತ್ತಿರುವ ಕುಕ್ಕರ್ ತೆಗೆದಂತೆ. ಒಳಗಿನ ಒತ್ತಡದಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಾದ ಕ್ಷಣ ಒತ್ತಡ ಇಳಿದು, ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಕಾಯಬೇಕು, ಪೂರ್ತಿ ಆರಿದ ಮೇಲೆಯೇ ಮುಚ್ಚಳ ಮುಟ್ಟಬೇಕು. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಲೂಬಾರದು. ಲೋಹ ಒಮ್ಮೆಲೇ ಕುಗ್ಗಿ ಬಿರುಕು ಬಿಡಬಹುದು.

“ಲೈಸೆನ್ಸ್ ಇಲ್ಲದ ಹುಡುಗರಿಗೆ ಇದೆಲ್ಲ ಯಾಕ್ರಿ?” ಅಂತ ಕೆಲವರು ಕೇಳಬಹುದು. ನೀವು ಗಾಡಿ ಹೊಡೆಯುವುದು ಬೇಡವೇ ಬೇಡ. ಆದರೆ ಟೆಂಪೊದಲ್ಲಿ, ಟ್ರ್ಯಾಕ್ಟರಿನಲ್ಲಿ, ಅಪ್ಪನ ಬೈಕಿನ ಹಿಂದೆ ಕೂತು ಹೋಗುವವರು ನೀವೇ. ಗಾಡಿ ಕೆಟ್ಟಾಗ ದೊಡ್ಡವರಿಗೆ ಸಿಟ್ಟು, ಅವಸರ. ಆಗ ಇಷ್ಟು ಹೇಳಿ: “ಕಾಕಾ, ಮೊದಲ ಗಾಡಿ ರಸ್ತೆ ಬಿಟ್ಟು ಬಾಜೂಕ ತಗೊಳ್ರಿ. ನಾಲ್ಕೂ ಇಂಡಿಕೇಟರ್ ಹಾಕ್ರಿ. ತ್ರಿಕೋನ 50 ಮೀಟರ್ ಹಿಂದ ಇಡ್ರಿ.” 50 ಮೀಟರ್ ಎಂದರೆ ಸುಮಾರು 70 ಹೆಜ್ಜೆ. ತಿರುವಿದ್ದರೆ ತಿರುವಿಗಿಂತ ಮೊದಲೇ ಇಡಬೇಕು. ಇಡುವ ಕೆಲಸ ದೊಡ್ಡವರದು. ನೀವೆಲ್ಲ ಇಳಿದು ರಸ್ತೆಯಿಂದ ದೂರ ನಿಲ್ಲಿ. ಗಾಡಿಯ ಹಿಂದೆ ನಿಂತು ಅದರ ಕೆಂಪು ದೀಪ ಮರೆ ಮಾಡಬೇಡಿ. ಸಹಾಯ ಬೇಕಾದರೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಗಾಯವಾಗಿದ್ದರೆ 108.

ನಂಬಿಕೆ ಬರದಿದ್ದರೆ ಇಂದು ರಾತ್ರಿ ನಿಮ್ಮ ಅಂಗಳದಲ್ಲೇ ನೋಡಿ. ಒಂದು ಕಡೆ ಕಲ್ಲು, ಪಕ್ಕದಲ್ಲಿ ಸೈಕಲ್ ರಿಫ್ಲೆಕ್ಟರ್ ಇಡಿ. ಹಣೆಯ ಹತ್ತಿರ ಟಾರ್ಚ್ ಹಿಡಿದು ಹಿಂದೆ ಹಿಂದೆ ಸರಿಯಿರಿ. ಯಾವುದು ಮೊದಲು ಕಾಣದಂತಾಯಿತು ಅನ್ನೋದನ್ನ ಮನೆಯವರನ್ನೂ ಕರೆದು ತೋರಿಸಿ.